ಸಪ್ಲೈಯರ್ ಬದಲಾಯಿಸಿದರೂ ಬಾರದ ಕ್ಯಾಶ್‌ಬ್ಯಾಕ್: 60 ಪೌಂಡ್ ಯಾರನ್ನು ಕೇಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾಸನದವರು, ಕಳೆದ ವರ್ಷ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆವು. ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್. ಕರೆಂಟ್, ಗ್ಯಾಸ್ ಎರಡರ ಬಿಲ್ಲೂ ನಮ್ಮ ಹೆಸರಿನಲ್ಲೇ ಇದೆ. ಐದು ತಿಂಗಳ ಹಿಂದೆ ಒಂದು ಕ್ಯಾಶ್‌ಬ್ಯಾಕ್ ಸೈಟಿನಿಂದ ದರ ಹೋಲಿಸಿ ತೋರಿಸುವ ಒಂದು ಕಂಪ್ಯಾರಿಸನ್ ಸೈಟಿಗೆ ಹೋಗಿ ಹೊಸ ಸಪ್ಲೈಯರ್ ಆರಿಸಿಕೊಂಡೆವು. ‘60 ಪೌಂಡ್‌ವರೆಗೆ ಕ್ಯಾಶ್‌ಬ್ಯಾಕ್’ ಎಂದು ದೊಡ್ಡದಾಗಿ ಹಾಕಿದ್ದರು. ಕರೆಂಟ್ ಒಂದು ವಾರದೊಳಗೆ ಬದಲಾಯಿತು. ಗ್ಯಾಸ್ ಅರ್ಜಿ ಮಾತ್ರ ಮೀಟರ್ ವಿವರ ತಾಳೆಯಾಗುತ್ತಿಲ್ಲ ಎಂದು ರದ್ದಾಯಿತು. ನಾವೇ ಹೊಸ ಸಪ್ಲೈಯರ್‌ಗೆ ಫೋನ್ ಮಾಡಿ ಮತ್ತೆ ಅರ್ಜಿ ಹಾಕಿಸಿದೆವು, ಮೂರು ವಾರದ ನಂತರ ಅದೂ ಬದಲಾಯಿತು. ಅಷ್ಟು ದಿನ ‘ಟ್ರ್ಯಾಕ್ಡ್’ ಎಂದು ತೋರಿಸುತ್ತಿದ್ದದ್ದು ಈಗ ‘ಡಿಕ್ಲೈನ್ಡ್’ ಆಗಿದೆ. ಸಪ್ಲೈಯರ್ ಕೇಳಿದರೆ ಕ್ಯಾಶ್‌ಬ್ಯಾಕ್ ನಮ್ಮದಲ್ಲ ಅನ್ನುತ್ತಾರೆ, ಕಂಪ್ಯಾರಿಸನ್ ಸೈಟಿನವರು ನಾವು ಅಂಥ ಮಾತೇ ಕೊಟ್ಟಿಲ್ಲ ಅನ್ನುತ್ತಾರೆ, ಕ್ಯಾಶ್‌ಬ್ಯಾಕ್ ಸೈಟಿನವರು ಆ ಕಡೆಯವರು ಒಪ್ಪಲಿಲ್ಲ ಅನ್ನುತ್ತಾರೆ. ಒಬ್ಬ ಸ್ನೇಹಿತರು ಎನರ್ಜಿ ಆಂಬುಡ್ಸ್‌ಮನ್‌ಗೆ ದೂರು ಕೊಡಿ ಎಂದರು. ಇನ್ನೊಬ್ಬರು ಡೈರೆಕ್ಟ್ ಡೆಬಿಟ್ ನಿಲ್ಲಿಸಿ ಬೇರೆ ಕಂಪನಿಗೆ ಹೋಗಿಬಿಡಿ ಎಂದರು. ಯಾವುದು ಸರಿ? ಇನ್ನೊಂದು ಮಾತು, ಹಳೆಯ ಗ್ಯಾಸ್ ಕಂಪನಿಯಲ್ಲಿ ನಮ್ಮ ಲೆಕ್ಕಕ್ಕೆ 70 ಪೌಂಡ್ ಜಮಾ ಇತ್ತು. ಅದೂ ಬಂದಿಲ್ಲ, ಕೊನೆಯ ಬಿಲ್ಲೂ ಬಂದಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಾಕಿಗಳಿವೆ. ಕ್ಯಾಶ್‌ಬ್ಯಾಕಿನ 60 ಪೌಂಡಿನ ಬಗ್ಗೆ ಪೂರ್ತಿ ಪತ್ರ ಬರೆದಿದ್ದೀರಿ, ಹಳೆಯ ಕಂಪನಿಯ 70 ಪೌಂಡನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ನಿಯಮದ ಬಲ ಇರುವುದು ಆ ಕೊನೆಯ ಸಾಲಿಗೇ. ಆ 70 ಪೌಂಡ್ ನೀವು ಕಟ್ಟಿದ ನಿಮ್ಮ ಹಣ, ಅದನ್ನು ಹಿಂದಿರುಗಿಸಲು ಗಡುವಿದೆ, ಗಡುವು ಮೀರಿದ ಕಂಪನಿ ಪರಿಹಾರ ಕೊಡಬೇಕು. ಹಾಗಾಗಿ ಮೊದಲು ಅದನ್ನು ಮುಗಿಸೋಣ.

ಬ್ರಿಟನ್ನಿನ ಇಂಧನ ನಿಯಂತ್ರಕ ಆಫ್‌ಜೆಮ್‌ನ ನಿಯಮದ ಪ್ರಕಾರ, ಸ್ವಿಚ್, ಅಂದರೆ ಸಪ್ಲೈಯರ್ ಬದಲಾವಣೆ, ಆದ 6 ವಾರದೊಳಗೆ ಹಳೆಯ ಸಪ್ಲೈಯರ್ ಕೊನೆಯ ಬಿಲ್ ಕಳಿಸಬೇಕು. ಆ ಬಿಲ್ ಕಳಿಸಿದ ಮೇಲೆ 10 ಕೆಲಸದ ದಿನದೊಳಗೆ ಜಮಾ ಉಳಿದದ್ದನ್ನು ಹಿಂದಿರುಗಿಸಬೇಕು. ತಪ್ಪಿದರೆ ಪರಿಹಾರ 40 ಪೌಂಡ್. ಮೊದಲು 30 ಇತ್ತು, 2025ರ ಜನವರಿಯಿಂದ ಹೆಚ್ಚಿಸಿದರು. ಕೇಳದೆಯೇ ಕೊಡಬೇಕಾದ ಹಣ ಇದು, ಆದರೆ ಕೇಳದವರಿಗೆ ಬರುವುದು ಕಷ್ಟ. ನಿಮ್ಮ ಗ್ಯಾಸ್ ಬದಲಾಗಿ ನಾಲ್ಕು ತಿಂಗಳು ದಾಟಿದೆ. ಹಳೆಯ ಕಂಪನಿಗೆ ಇವತ್ತೇ ಈಮೇಲ್ ಹಾಕಿ. ವಿಷಯದ ಸಾಲಿನಲ್ಲಿ ‘ದೂರು’ ಎಂಬ ಪದ ಇರಲಿ, ಏಕೆಂದರೆ ಸುಮ್ಮನೆ ವಿಚಾರಿಸಿದರೆ ಅದನ್ನು ದೂರಾಗಿ ದಾಖಲಿಸುವುದಿಲ್ಲ, ಮುಂದೆ ಆಂಬುಡ್ಸ್‌ಮನ್, ಅಂದರೆ ಇಂಥ ದೂರು ಬಗೆಹರಿಸುವ ಸ್ವತಂತ್ರ ಸಂಸ್ಥೆಯ ಬಳಿ ಹೋಗುವಾಗ ದಿನ ಎಣಿಸುವುದು ದೂರು ದಾಖಲಾದ ದಿನದಿಂದ. ಒಳಗೆ ಇಷ್ಟು ಸಾಕು: ಹಳೆಯ ಖಾತೆ ಸಂಖ್ಯೆ, ಗ್ಯಾಸ್ ಬದಲಾದ ದಿನಾಂಕ, ಆ ದಿನದ ಮೀಟರ್ ರೀಡಿಂಗ್, ಕೊನೆಯ ಬಿಲ್ ಕೊಡಿ, ಜಮಾ ಹಿಂದಿರುಗಿಸಿ, ತಡವಾದದ್ದಕ್ಕೆ ‘ಗ್ಯಾರಂಟೀಡ್ ಸ್ಟ್ಯಾಂಡರ್ಡ್ಸ್’ (ಮೇಲೆ ಹೇಳಿದ ಪರಿಹಾರದ ನಿಯಮ) ಪ್ರಕಾರ ಪರಿಹಾರ ಕೊಡಿ.

ರೀಡಿಂಗಿನ ಫೋಟೊ ಇಲ್ಲದಿದ್ದರೆ ಹೊಸ ಸಪ್ಲೈಯರ್‌ನ ಮೊದಲ ಬಿಲ್ ನೋಡಿ. ಅಲ್ಲಿ ‘ಓಪನಿಂಗ್ ರೀಡಿಂಗ್’ ಎಂದಿರುವ ಅಂಕಿಯೇ ಹಳೆಯ ಕಂಪನಿಗೆ ‘ಫೈನಲ್ ರೀಡಿಂಗ್’ ಆಗಬೇಕು. ಹಳೆಯ ಕಂಪನಿಯ ಅಂಕಿ ಹೆಚ್ಚಿದ್ದರೆ ನಡುವಿನ ಯೂನಿಟ್‌ಗಳಿಗೆ ಎರಡೂ ಕಡೆ ಹಣ ಕಟ್ಟುತ್ತಿದ್ದೀರಿ ಎಂದರ್ಥ, ಅದನ್ನೂ ಇದೇ ಈಮೇಲಿನಲ್ಲಿ ಸೇರಿಸಿ.

ಇನ್ನು ಕ್ಯಾಶ್‌ಬ್ಯಾಕ್.

ಈ ಹಣ ಬರುವುದು ಎಲ್ಲಿಂದ

ಕರ್ನಾಟಕದಲ್ಲಿ ಮನೆಯ ಕರೆಂಟಿಗೆ ಕಂಪನಿ ಆರಿಸುವ ಪ್ರಶ್ನೆಯೇ ಇಲ್ಲ. ಹಾಸನ ಎಂದರೆ ಸೆಸ್ಕ್, ಬೆಂಗಳೂರು ಎಂದರೆ ಬೆಸ್ಕಾಂ, ದರ ಕೆಇಆರ್‌ಸಿ ಹೇಳಿದಷ್ಟು. ಬ್ರಿಟನ್ನಿನಲ್ಲಿ ತಂತಿ, ಪೈಪು ಒಬ್ಬರದು, ಬಿಲ್ ಕೊಡುವವರು ಇನ್ನೊಬ್ಬರು. ರೆಡಿಂಗಿನ ಕರೆಂಟ್ ತಂತಿ ಎಸ್‌ಎಸ್‌ಇಎನ್ ಎಂಬ ಜಾಲ ಕಂಪನಿಯದು. ನೀವು ಎಷ್ಟು ಸಲ ಸಪ್ಲೈಯರ್ ಬದಲಾಯಿಸಿದರೂ ಅದು ಬದಲಾಗುವುದಿಲ್ಲ, ಕರೆಂಟ್ ಹೋದರೆ ಯಾವ ಸಪ್ಲೈಯರ್ ಇದ್ದರೂ ಫೋನ್ ಮಾಡಬೇಕಾದ್ದು 105ಕ್ಕೇ. ಸ್ವಿಚ್ ಎಂದರೆ ಬಿಲ್ ಕೊಡುವವರು ಬದಲಾಗುವುದು ಅಷ್ಟೇ. ಹೀಗಾಗಿ ಗ್ರಾಹಕರನ್ನು ಸೆಳೆದು ತಂದವರಿಗೆ ಸಪ್ಲೈಯರ್ ಕಮಿಷನ್ ಕೊಡುತ್ತಾರೆ. ಕಂಪ್ಯಾರಿಸನ್ ಸೈಟುಗಳ ಆದಾಯವೇ ಅದು.

ಆ ಕಮಿಷನ್ನಿನ ಒಂದು ತುಂಡು ನಿಮ್ಮ ಕ್ಯಾಶ್‌ಬ್ಯಾಕ್. ಬಾಡಿಗೆ ಮನೆ ತೋರಿಸಿದ ಬ್ರೋಕರ್, ಮಾಲೀಕರಿಂದ ತನಗೆ ಬರುವ ಕಮಿಷನ್ನಿನಲ್ಲಿ ಸ್ವಲ್ಪ ನಿಮಗೂ ಬಿಟ್ಟುಕೊಡುತ್ತೇನೆ ಎಂದ ಹಾಗೆ. ಮಾಲೀಕರು ಅವನಿಗೆ ಕೊಡದಿದ್ದರೆ ಅವನು ತನ್ನ ಜೇಬಿನಿಂದ ನಿಮಗೆ ಕೊಡುವವನಲ್ಲ. ನಿಮ್ಮ ಪ್ರಕರಣದಲ್ಲಿ ಬ್ರೋಕರ್‌ಗಳು ಇಬ್ಬರು. ಸಪ್ಲೈಯರ್ ಕಂಪ್ಯಾರಿಸನ್ ಸೈಟಿಗೆ ಕೊಡಬೇಕು, ಅವರು ಕ್ಯಾಶ್‌ಬ್ಯಾಕ್ ಸೈಟಿಗೆ ಕೊಡಬೇಕು, ಅವರು ನಿಮಗೆ. ನಡುವೆ ಕ್ಲಿಕ್‌ಗಳ ಲೆಕ್ಕ ಇಡುವ ಅಫಿಲಿಯೇಟ್ ಜಾಲವೂ ಇರುತ್ತದೆ. ಎಲ್ಲಿ ಒಂದು ಕೊಂಡಿ ಕಳಚಿದರೂ ನಿಮ್ಮ ಪರದೆಯ ಮೇಲೆ ಬರುವುದು ಅದೇ ಒಂದು ಪದ, ‘ಡಿಕ್ಲೈನ್ಡ್’.

‘ಟ್ರ್ಯಾಕ್ಡ್’ ಎಂದರೆ ಹಣ ಗಟ್ಟಿಯಾಯಿತು ಎಂದು ಬಹಳ ಜನ ತಿಳಿಯುತ್ತಾರೆ. ಅದರ ಅರ್ಥ, ನಿಮ್ಮ ಕ್ಲಿಕ್ ಮತ್ತು ಒಂದು ಅರ್ಜಿ ಲೆಕ್ಕಕ್ಕೆ ಸಿಕ್ಕಿವೆ ಎಂಬುದು ಮಾತ್ರ. ಆಮೇಲೆ ಸ್ವಿಚ್ ಪೂರ್ತಿಯಾಯಿತೇ, ಷರತ್ತಿಗೆ ಹೊಂದಿತೇ ಎಂದು ಕಂಪನಿ ತಾಳೆ ನೋಡುತ್ತದೆ. ಒಪ್ಪಿದರೆ ‘ಕನ್ಫರ್ಮ್ಡ್’, ಹಣ ಕ್ಯಾಶ್‌ಬ್ಯಾಕ್ ಸೈಟಿನ ಕೈಗೆ ಬಂದ ಮೇಲೆ ‘ಪೇಯಬಲ್’. ಇಂಧನದ ವ್ಯವಹಾರದಲ್ಲಿ ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಟಾಪ್‌ಕ್ಯಾಶ್‌ಬ್ಯಾಕ್, ಕ್ವಿಡ್ಕೊದಂಥ ದೊಡ್ಡ ಸೈಟುಗಳೂ ಕ್ಯಾಶ್‌ಬ್ಯಾಕಿಗೆ ಖಾತ್ರಿ ಇಲ್ಲ, ಅದನ್ನೇ ನಂಬಿ ಕೊಳ್ಳಬೇಡಿ ಎಂದು ತಮ್ಮ ಷರತ್ತಿನಲ್ಲೇ ಬರೆದುಕೊಂಡಿವೆ.

ಆದ್ದರಿಂದ ಜಾಹೀರಾತು ಕಂಡಾಗ ಮೊದಲು ಕೇಳಿಕೊಳ್ಳಬೇಕಾದ್ದು ಎಷ್ಟು ಎಂಬುದಲ್ಲ, ಕೊಡುವವರು ಯಾರು ಎಂಬುದು. ಸಪ್ಲೈಯರ್ ತಾನೇ ಕೊಡುವ ‘ವೆಲ್ಕಮ್ ಕ್ರೆಡಿಟ್’ ಇಂಧನ ಒಪ್ಪಂದದ ಭಾಗ, ಬಿಲ್ಲಿನಲ್ಲಿ ಜಮಾ ಆಗುತ್ತದೆ, ಬಾರದಿದ್ದರೆ ದಾರಿ ಸ್ಪಷ್ಟ. ಕಂಪ್ಯಾರಿಸನ್ ಸೈಟ್ ತನ್ನದೇ ಹೆಸರಿನಲ್ಲಿ ಕೊಡುವ ಹಣ ಅಥವಾ ಗಿಫ್ಟ್ ಕಾರ್ಡ್‌ಗೆ ಆ ಸೈಟೇ ಹೊಣೆ. ಕ್ಯಾಶ್‌ಬ್ಯಾಕ್ ಸೈಟಿನದು ಎಲ್ಲಕ್ಕಿಂತ ಸಡಿಲ, ಏಕೆಂದರೆ ಅವರು ‘ನಮಗೆ ಬಂದರೆ ನಿಮಗೆ’ ಎಂದೇ ಮಾತು ಕೊಟ್ಟಿರುತ್ತಾರೆ. ಮಾಲೀಕತ್ವದ ಗೋಜಲು ಬೇರೆ ಇದೆ: ಕ್ವಿಡ್ಕೊವನ್ನು 2021ರಲ್ಲಿ ಮನಿಸೂಪರ್‌ಮಾರ್ಕೆಟ್ ಗುಂಪು ಕೊಂಡುಕೊಂಡಿತು. ಒಂದೇ ಗುಂಪಿನ ಎರಡು ಸೈಟುಗಳಾದರೂ ಷರತ್ತು ಎರಡು, ದೂರು ಕೊಡುವ ಜಾಗ ಎರಡು.

ನಿಮ್ಮದು ಏಕೆ ಬಿತ್ತು

ನೀವು ಕೊಟ್ಟ ವಿವರದಿಂದ ಕಾರಣ ಹೆಚ್ಚುಕಡಿಮೆ ಕಾಣುತ್ತದೆ. ‘60 ಪೌಂಡ್‌ವರೆಗೆ’ ಎಂಬಲ್ಲಿ ಆ ‘ವರೆಗೆ’ಯೇ ಷರತ್ತು. ಸಾಮಾನ್ಯವಾಗಿ ಪೂರ್ತಿ ಮೊತ್ತ ಡ್ಯುಯಲ್ ಫ್ಯುಯಲ್‌ಗೆ, ಅಂದರೆ ಕರೆಂಟ್ ಗ್ಯಾಸ್ ಎರಡೂ ಒಟ್ಟಿಗೆ ಬಂದರೆ. ಒಂದೇ ಬಂದರೆ ಅರ್ಧ, ಕೆಲವು ಕಡೆ ಏನೂ ಇಲ್ಲ. ನಿಮ್ಮ ಕ್ಲಿಕ್‌ಗೆ ಜೋಡಿಯಾಗಿದ್ದ ಅರ್ಜಿಯಲ್ಲಿ ಗ್ಯಾಸ್ ಭಾಗ ರದ್ದಾಯಿತು. ಆಮೇಲೆ ಫೋನಿನಲ್ಲಿ ಹಾಕಿಸಿದ ಅರ್ಜಿಗೆ ಹೊಸ ರೆಫರೆನ್ಸ್ ಸಂಖ್ಯೆ, ಅದು ಸಪ್ಲೈಯರ್ ತಾನೇ ಗಳಿಸಿದ ಗ್ರಾಹಕ ಎಂದು ದಾಖಲಾಗುತ್ತದೆ. ನಿಮ್ಮ ಮಟ್ಟಿಗೆ ಎರಡೂ ಬದಲಾದವು. ಕಮಿಷನ್ನಿನ ಲೆಕ್ಕದಲ್ಲಿ ಒಂದು ಅರ್ಧ ಉಳಿದ ಅರ್ಜಿ, ಒಂದು ಸಂಬಂಧವೇ ಇಲ್ಲದ ಅರ್ಜಿ.

ಫ್ಲ್ಯಾಟುಗಳಲ್ಲಿ ಮೀಟರ್ ವಿವರ ತಾಳೆಯಾಗದಿರುವುದು ತೀರಾ ಮಾಮೂಲು. ನೋಂದಣಿಯಲ್ಲಿ ‘ಫ್ಲ್ಯಾಟ್ 2, 14’ ಎಂದಿರುತ್ತದೆ, ಬಾಡಿಗೆ ಕರಾರಿನಲ್ಲಿ ‘14 ಬಿ’ ಎಂದಿರುತ್ತದೆ. ಸೈಟ್ ವಿಳಾಸ ನೋಡಿ ತಾನೇ ಮೀಟರ್ ಹುಡುಕಿ ತುಂಬುತ್ತದೆ, ಪಕ್ಕದ ಮನೆಯದು ಬಂದು ಕೂರುತ್ತದೆ. ಆ ಸ್ವಿಚ್ ಹಾಗೇ ಮುಗಿದಿದ್ದರೆ ನೆರೆಮನೆಯವರ ಗ್ಯಾಸಿಗೆ ನೀವು ಹಣ ಕಟ್ಟುತ್ತಿದ್ದಿರಿ, ಆದ್ದರಿಂದ ರದ್ದಾದದ್ದು ಒಳ್ಳೆಯದೇ ಆಯಿತು. ಇದನ್ನು ತಪ್ಪಿಸಲು ಅರ್ಜಿಗೆ ಮೊದಲೇ ಎರಡು ಸಂಖ್ಯೆ ಕೈಯಲ್ಲಿರಲಿ: ಕರೆಂಟಿನ 13 ಅಂಕಿಯ ಎಂಪಿಎಎನ್, ಗ್ಯಾಸಿನ 6ರಿಂದ 10 ಅಂಕಿಯ ಎಂಪಿಆರ್‌ಎನ್, ಅಂದರೆ ನಿಮ್ಮ ಮನೆಯ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು. ಎರಡೂ ಬಿಲ್ಲಿನ ಮೇಲಿರುತ್ತವೆ. ಗ್ಯಾಸಿನದು ‘ಫೈಂಡ್ ಮೈ ಸಪ್ಲೈಯರ್’ ಸೇವೆಯಲ್ಲಿ ವಿಳಾಸ ಹಾಕಿದರೂ ಸಿಗುತ್ತದೆ. ಜೊತೆಗೆ ಮೀಟರ್ ಡಬ್ಬಿ ತೆರೆದು, ಮೀಟರ್ ಮೇಲೆ ಮುದ್ರಿಸಿರುವ ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿರುವುದೇ ಹೌದೇ ಎಂದು ನೋಡಿ. ಐದು ನಿಮಿಷದ ಕೆಲಸ, ಮಾಡುವವರು ಕಡಿಮೆ.

ಕ್ಯಾಶ್‌ಬ್ಯಾಕ್ ಬೀಳುವ ಬೇರೆ ಕಾರಣಗಳೂ ಇವೆ, ನಿಮ್ಮ ಸ್ನೇಹಿತರಿಗೆ ಉಪಯೋಗವಾದೀತು. ಹೊಸದಾಗಿ ಬಂದವರು ಎಡವುವುದು ‘ಹೊಸ ಗ್ರಾಹಕರಿಗೆ ಮಾತ್ರ’ ಎಂಬಲ್ಲಿ. ಬಾಡಿಗೆ ಮನೆಗೆ ಕಾಲಿಟ್ಟ ದಿನದಿಂದಲೇ, ನೀವು ಸಹಿ ಹಾಕಿರಲಿ ಬಿಡಲಿ, ಆ ಮನೆಗೆ ಆಗ ಪೂರೈಸುತ್ತಿರುವ ಕಂಪನಿಯ ಗ್ರಾಹಕರಾಗಿರುತ್ತೀರಿ. ಇದಕ್ಕೆ ‘ಡೀಮ್ಡ್ ಕಾಂಟ್ರಾಕ್ಟ್’ ಅನ್ನುತ್ತಾರೆ. ಅದೇ ಕಂಪನಿಯ ಅಗ್ಗದ ಟ್ಯಾರಿಫ್ (ದರದ ಯೋಜನೆ) ಕಂಡು ಸೈಟಿನಲ್ಲಿ ಅರ್ಜಿ ಹಾಕಿದರೆ ಅದು ಸ್ವಿಚ್ ಆಗುವುದಿಲ್ಲ, ಒಳಗಿಂದೊಳಗೆ ಟ್ಯಾರಿಫ್ ಬದಲಾವಣೆ ಆಗುತ್ತದೆ. ಕ್ಯಾಶ್‌ಬ್ಯಾಕ್ ಸೊನ್ನೆ. ಪ್ರೀಪೇಮೆಂಟ್ ಮೀಟರ್ ಇದ್ದರೆ, ಡೈರೆಕ್ಟ್ ಡೆಬಿಟ್ ಬದಲು ಬಿಲ್ ಬಂದ ಮೇಲೆ ಕಟ್ಟುತ್ತೇನೆ ಎಂದರೆ, ಅದೇ ವಿಳಾಸಕ್ಕೆ ಈಚೆಗೆ ಒಮ್ಮೆ ಕ್ಯಾಶ್‌ಬ್ಯಾಕ್ ಹೋಗಿದ್ದರೆ, 14 ದಿನದ ಕೂಲಿಂಗ್ ಆಫ್ ಅವಧಿಯಲ್ಲಿ ಮನಸ್ಸು ಬದಲಾಯಿಸಿದರೆ, ಆಗಲೂ ಬೀಳಬಹುದು. 28 ದಿನಕ್ಕಿಂತ ಹಳೆಯ ಬಾಕಿ ಇದ್ದರೆ ಹಳೆಯ ಸಪ್ಲೈಯರ್ ಸ್ವಿಚ್ಚನ್ನೇ ತಡೆಹಿಡಿಯಬಹುದು.

ಇನ್ನೊಂದು, ನಮ್ಮವರ ವಾಟ್ಸಾಪ್ ಗುಂಪುಗಳಿಂದಲೇ ಬರುವ ತೊಂದರೆ. ಯಾರೋ ‘ನನ್ನ ರೆಫರಲ್ ಲಿಂಕಿನಿಂದ ಹೋಗಿ, ಇಬ್ಬರಿಗೂ ಕ್ರೆಡಿಟ್ ಬರುತ್ತೆ’ ಎಂದು ಹಾಕಿರುತ್ತಾರೆ. ಕ್ಯಾಶ್‌ಬ್ಯಾಕ್ ಲಿಂಕ್ ಒತ್ತಿ, ನಡುವೆ ಅದನ್ನೂ ಒತ್ತಿದರೆ ಸಾಮಾನ್ಯವಾಗಿ ಕೊನೆಯ ಕ್ಲಿಕ್‌ಗೆ ಮಾತ್ರ ಮಾನ್ಯತೆ. ರೆಫರಲ್, ಕ್ಯಾಶ್‌ಬ್ಯಾಕ್ ಎರಡನ್ನೂ ಒಟ್ಟಿಗೆ ಹಿಡಿಯಲು ಹೋದವರಿಗೆ ಒಂದೂ ಸಿಗದೆ ಹೋದದ್ದುಂಟು. ಎರಡೂ ಒಂದೇ ಮೊತ್ತದ್ದಾಗಿದ್ದರೆ ಸಪ್ಲೈಯರ್‌ನ ಸ್ವಂತ ರೆಫರಲ್ಲನ್ನೇ ಆರಿಸಿ, ಕೊಡುವವರು ಒಬ್ಬರೇ, ಕೊಂಡಿ ಒಂದೇ.

ಈಗ ಏನು ಕೇಳಬೇಕು, ಯಾರನ್ನು

ಮೊದಲು ‘60 ಪೌಂಡ್‌ವರೆಗೆ’ ಎಂಬ ಸಾಲು ನೀವು ನೋಡಿದ್ದು ಯಾವ ಸೈಟಿನಲ್ಲಿ ಎಂಬುದನ್ನು ಖಚಿತ ಮಾಡಿಕೊಳ್ಳಿ. ಪತ್ರದ ಧಾಟಿ ನೋಡಿದರೆ ಕ್ಯಾಶ್‌ಬ್ಯಾಕ್ ಸೈಟಿನಲ್ಲಿ ಎಂದು ಊಹಿಸುತ್ತೇನೆ. ಹಾಗಿದ್ದರೆ ಬೇಡಿಕೆ ಹೋಗಬೇಕಾದ್ದು ಅಲ್ಲಿಗೆ. ಅವರಲ್ಲಿ ಬಾರದ ಅಥವಾ ತಿರಸ್ಕೃತ ಕ್ಯಾಶ್‌ಬ್ಯಾಕ್‌ಗೆ ಪ್ರತ್ಯೇಕ ಕ್ಲೇಮ್ ಫಾರಂ ಇರುತ್ತದೆ, ಅದಕ್ಕೆ ಕೊನೆಯ ದಿನವೂ ಇರುತ್ತದೆ. ಐದು ತಿಂಗಳಾಗಿರುವುದರಿಂದ ಬೇರೆಲ್ಲಕ್ಕಿಂತ ಮುಂಚೆ ಆ ದಿನಾಂಕ ನೋಡಿ.

ಕ್ಲೇಮಿಗೆ ಬೇಕಾದ ಕಾಗದ: ಅರ್ಜಿ ಸ್ವೀಕರಿಸಿದ್ದೇವೆ ಎಂಬ ಕಂಪ್ಯಾರಿಸನ್ ಸೈಟಿನ ಈಮೇಲ್, ಅದರ ರೆಫರೆನ್ಸ್, ಸಪ್ಲೈಯರ್‌ನ ಸ್ವಾಗತ ಈಮೇಲ್, ಕರೆಂಟ್ ಮತ್ತು ಗ್ಯಾಸ್ ಬದಲಾದ ದಿನಾಂಕಗಳಿರುವ ಮೊದಲ ಬಿಲ್. ಗ್ಯಾಸ್ ರದ್ದಾದದ್ದು ಮೀಟರ್ ವಿವರದ ದೋಷದಿಂದ, ನೀವು ಹಿಂದೆ ಸರಿದದ್ದರಿಂದ ಅಲ್ಲ ಎಂದು ತೋರಿಸುವ ಈಮೇಲ್ ಇದ್ದರೆ ಅದು ಎಲ್ಲಕ್ಕಿಂತ ಮುಖ್ಯ.

ಕೇಳುವಾಗ ಎರಡು ಮೆಟ್ಟಿಲಿನಲ್ಲಿ ಕೇಳಿ. ಮೊದಲನೆಯದು, ಎರಡೂ ಇಂಧನ ಅದೇ ಸಪ್ಲೈಯರ್‌ಗೆ ಬದಲಾಗಿವೆ, ಆದ್ದರಿಂದ ಪೂರ್ತಿ ಮೊತ್ತ ಕೊಡಿ. ಎರಡನೆಯದು, ಅದಾಗದಿದ್ದರೆ ಮೂಲ ಅರ್ಜಿಯಿಂದಲೇ ಬದಲಾದ ಕರೆಂಟಿಗೆ ಒಂದು ಇಂಧನದ ಮೊತ್ತ ಕೊಡಿ. ಬರೀ ಪೂರ್ತಿ ಮೊತ್ತಕ್ಕೆ ಪಟ್ಟು ಹಿಡಿದವರಿಗೆ ಮತ್ತೆ ‘ಡಿಕ್ಲೈನ್ಡ್’ ಎಂಬ ಸಿದ್ಧ ಉತ್ತರ ಬರುತ್ತದೆ. ಎರಡನೆಯದನ್ನು ಸ್ಪಷ್ಟವಾಗಿ ಕೇಳಿದಾಗ ಕಡತ ಮತ್ತೆ ತೆರೆಯುವ ಸಂಭವ ಹೆಚ್ಚು. ನನ್ನ ಅಂದಾಜಿನಲ್ಲಿ ನಿಮಗೆ ಸಿಗಬಹುದಾದದ್ದು ಇದೇ ಅರ್ಧ.

ಪೂರ್ತಿ ಮೊತ್ತಕ್ಕೆ ವಾದ ಇಲ್ಲವೆಂದಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 69ನೇ ಕಲಂ ಪ್ರಕಾರ, ಗ್ರಾಹಕ ಒಪ್ಪಂದದ ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ ಗ್ರಾಹಕರಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು. 68ನೇ ಕಲಂ ಷರತ್ತು ಸರಳ ಭಾಷೆಯಲ್ಲಿ, ಓದಲು ಬರುವಂತೆ ಇರಬೇಕು ಅನ್ನುತ್ತದೆ. ಷರತ್ತಿನಲ್ಲಿ ಬರೀ ‘ಡ್ಯುಯಲ್ ಫ್ಯುಯಲ್ ಸ್ವಿಚ್ ಪೂರ್ಣಗೊಂಡರೆ’ ಎಂದಿದ್ದು, ಎರಡೂ ಒಂದೇ ಅರ್ಜಿಯಿಂದ ಆಗಬೇಕು ಎಂದು ಎಲ್ಲೂ ಬರೆಯದಿದ್ದರೆ ನಿಮ್ಮ ವಾದಕ್ಕೆ ಬಲವಿದೆ. ‘ಫೋನಿನಲ್ಲಿ ಹಾಕಿದ ಅರ್ಜಿಗಳು ಅನ್ವಯವಾಗವು’ ಎಂಬ ಸಾಲು ಕಣ್ಣಿಗೆ ಕಾಣುವಂತೆ ಇದ್ದರೆ ಬಲವಿಲ್ಲ. ಐದು ತಿಂಗಳ ಹಿಂದೆ ಆ ಪುಟದಲ್ಲಿ ಏನಿತ್ತು ಎಂಬುದರ ಸ್ಕ್ರೀನ್‌ಶಾಟ್ ನಿಮ್ಮಲ್ಲಿ ಇರಲಿಕ್ಕಿಲ್ಲ. ಆ ದಿನದಂದು ಜಾರಿಯಲ್ಲಿದ್ದ ಷರತ್ತಿನ ಪ್ರತಿ ಕೊಡಿ ಎಂದು ಅವರನ್ನೇ ಬರಹದಲ್ಲಿ ಕೇಳಿ.

ಮೂವರೂ ಒಬ್ಬರ ಮೇಲೊಬ್ಬರು ಹಾಕುತ್ತಿರುವಾಗ ಉಪಯೋಗಕ್ಕೆ ಬರುವ ಇನ್ನೊಂದು ದಾರಿ ‘ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್’. ಯುಕೆ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ನಿಯಮದಡಿ ನಿಮ್ಮ ಬಗ್ಗೆ ಇಟ್ಟುಕೊಂಡಿರುವ ಮಾಹಿತಿಯನ್ನು ಯಾವುದೇ ಕಂಪನಿಯಿಂದ ಕೇಳಬಹುದು, ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಕಂಪ್ಯಾರಿಸನ್ ಸೈಟಿಗೆ ಇದನ್ನು ಕಳಿಸಿ, ‘ನನ್ನ ಅರ್ಜಿಯ ರೆಫರೆನ್ಸ್, ಪ್ರತಿ ಇಂಧನದ ಸ್ಥಿತಿ, ಸಪ್ಲೈಯರ್‌ನಿಂದ ಬಂದ ಉತ್ತರ ಮತ್ತು ದಿನಾಂಕ’ ಎಂದು ನಿರ್ದಿಷ್ಟವಾಗಿ ಕೇಳಿ. ಕೊಂಡಿ ಕಳಚಿದ್ದು ಎಲ್ಲಿ ಎಂಬುದು ಅವರ ದಾಖಲೆಯಲ್ಲೇ ಸಿಗುತ್ತದೆ.

ಆಂಬುಡ್ಸ್‌ಮನ್ ವಿಷಯ. ಎನರ್ಜಿ ಆಂಬುಡ್ಸ್‌ಮನ್ ನೋಡುವುದು ಸಪ್ಲೈಯರ್ ಮತ್ತು ಜಾಲ ಕಂಪನಿಗಳ ಮೇಲಿನ ಮನೆಬಳಕೆದಾರರ ದೂರು. ನಿಮ್ಮ ಹಳೆಯ ಕಂಪನಿಯ 70 ಪೌಂಡ್, ಕೊನೆಯ ಬಿಲ್, ಅವೆಲ್ಲ ಅಲ್ಲಿಗೆ ಹೋಗಬಹುದು. ಮೊದಲು ಕಂಪನಿಗೆ ದೂರು ಕೊಡಬೇಕು, 8 ವಾರದಲ್ಲಿ ಬಗೆಹರಿಯದಿದ್ದರೆ ಅಥವಾ ಅದಕ್ಕೂ ಮೊದಲೇ ಅವರು ಇನ್ನು ನಮ್ಮಿಂದ ಬಗೆಹರಿಯದು ಎನ್ನುವ ‘ಡೆಡ್‌ಲಾಕ್’ ಪತ್ರ ಕೊಟ್ಟರೆ ಮುಂದೆ ಹೋಗಬಹುದು. ಕ್ಯಾಶ್‌ಬ್ಯಾಕ್ ಸೈಟಿನ ಮಾತನ್ನು ಅವರು ಮುಟ್ಟುವುದಿಲ್ಲ. ಆಫ್‌ಜೆಮ್ ಕೂಡ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಅದು ‘ಕಾನ್ಫಿಡೆನ್ಸ್ ಕೋಡ್’ ಎಂಬ ಸ್ವಯಂಪ್ರೇರಿತ ಸಂಹಿತೆ ನಡೆಸುತ್ತದೆ, ಮಾನ್ಯತೆ ಪಡೆದ ಕಂಪ್ಯಾರಿಸನ್ ಸೈಟುಗಳು ಅದನ್ನು ಪಾಲಿಸಬೇಕು. ಕ್ಯಾಶ್‌ಬ್ಯಾಕ್ ಸೈಟುಗಳು ಅದರೊಳಗೆ ಬರುವುದಿಲ್ಲ. ಜಾಹೀರಾತೇ ದಾರಿ ತಪ್ಪಿಸುವಂತಿತ್ತು ಎನಿಸಿದರೆ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿಗೆ ಬರೆಯಬಹುದು, ಮುಖ್ಯ ಷರತ್ತುಗಳನ್ನು ಜಾಹೀರಾತಿನಲ್ಲೇ ಹೇಳಬೇಕೆಂಬುದು ಅವರ ನಿಯಮ. ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೂ ತಿಳಿಸಿ, ಅಲ್ಲಿಂದ ವ್ಯಾಪಾರದ ಅಕ್ರಮ ನೋಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇಲಾಖೆಗೆ ಹೋಗುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನಡಿ ಸ್ಪರ್ಧಾ ಪ್ರಾಧಿಕಾರ ಸಿಎಂಎ ಕೋರ್ಟಿಗೆ ಹೋಗದೆಯೇ ಕಂಪನಿಗಳಿಗೆ ದಂಡ ಹಾಕಬಹುದು. ಇವೆಲ್ಲ ಮುಂದಿನವರಿಗೆ ಒಳ್ಳೆಯದು. ನಿಮ್ಮ ಬ್ಯಾಂಕಿಗೆ ಇವುಗಳಿಂದ ಹಣ ಬರುವುದಿಲ್ಲ.

ಕೋರ್ಟಿನ ಸ್ಮಾಲ್ ಕ್ಲೇಮ್ಸ್ ದಾರಿಯೂ ಇದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 300 ಪೌಂಡ್‌ವರೆಗಿನ ಬೇಡಿಕೆಗೆ ಶುಲ್ಕ 35 ಪೌಂಡ್. ಗೆದ್ದರೆ ಶುಲ್ಕ ವಾಪಸ್ ಸಿಗಬಹುದು, ಆದರೆ ‘ಖಾತ್ರಿ ಇಲ್ಲ’ ಎಂದು ಮೊದಲೇ ಬರೆದುಕೊಂಡವರ ವಿರುದ್ಧ 30 ಅಥವಾ 60 ಪೌಂಡಿಗೆ ಹೋಗುವುದನ್ನು ನಾನು ಸಲಹೆ ಮಾಡಲಾರೆ.

ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಕ್ಯಾಶ್‌ಬ್ಯಾಕಿನ ಸಿಟ್ಟನ್ನು ಅದಕ್ಕೆ ಸಂಬಂಧವಿಲ್ಲದ ಸಪ್ಲೈಯರ್ ಮೇಲೆ ತೀರಿಸಿದಂತಾಗುತ್ತದೆ. ಬಿಲ್ ಬಾಕಿ ಬೆಳೆಯುತ್ತದೆ, ಡೈರೆಕ್ಟ್ ಡೆಬಿಟ್ ಇದ್ದರಷ್ಟೇ ಸಿಗುವ ದರ ತಪ್ಪಬಹುದು, ಕ್ರೆಡಿಟ್ ದಾಖಲೆಗೂ ಕಪ್ಪು ಚುಕ್ಕೆ. ಈ ದೇಶಕ್ಕೆ ಹೊಸಬರಾದ ನಿಮಗೆ ಮುಂದೆ ಮನೆ ಸಾಲ, ಕಾರು ಸಾಲ ಕೇಳುವಾಗ ಆ ದಾಖಲೆ 60 ಪೌಂಡಿಗಿಂತ ಬಹಳ ದೊಡ್ಡದು.

ಮುಂದಿನ ಸಲದ ಲೆಕ್ಕ

ಕಂಪ್ಯಾರಿಸನ್ ಸೈಟ್ ನಿಮ್ಮ ಬಳಕೆ ಗೊತ್ತಿಲ್ಲದಿದ್ದರೆ ‘ಸರಾಸರಿ ಮನೆ’ಯ ಅಂಕಿ ಹಾಕಿಕೊಳ್ಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಆಫ್‌ಜೆಮ್ ಇಟ್ಟುಕೊಂಡ ಅಂದಾಜು ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್. ಇಲ್ಲಿ ಯೂನಿಟ್ ಎಂದರೆ ಎರಡಕ್ಕೂ ಕಿಲೋವ್ಯಾಟ್ ಅವರ್. ಕಡಿಮೆ ಬಳಸುವ ಮನೆಗೆ ಅದೇ ಅಂದಾಜು 1,800 ಮತ್ತು 7,500, ನಿಮ್ಮ ಫ್ಲ್ಯಾಟ್ ಇದರ ಹತ್ತಿರ ಇರಬಹುದು. ನಿಮ್ಮ ಬಿಲ್ಲಿನ ನಿಜವಾದ ಅಂಕಿ ಹಾಕದಿದ್ದರೆ ಸೈಟ್ ತೋರಿಸುವ ಉಳಿತಾಯಕ್ಕೆ ಅರ್ಥವಿಲ್ಲ.

ಉದಾಹರಣೆಗೆ ಎರಡು ಟ್ಯಾರಿಫ್ ಇಟ್ಟುಕೊಳ್ಳಿ, ಸ್ಟ್ಯಾಂಡಿಂಗ್ ಚಾರ್ಜ್, ಅಂದರೆ ಬಳಸಿದರೂ ಬಿಟ್ಟರೂ ಬೀಳುವ ದಿನದ ಸ್ಥಿರ ಶುಲ್ಕ, ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಕರೆಂಟ್ ಯೂನಿಟ್‌ಗೆ 25 ಪೆನ್ಸ್, ಗ್ಯಾಸ್ 6 ಪೆನ್ಸ್, ಕ್ಯಾಶ್‌ಬ್ಯಾಕ್ ಇಲ್ಲ. ಎರಡನೆಯದರಲ್ಲಿ 26.5 ಮತ್ತು 6.3 ಪೆನ್ಸ್, ಜೊತೆಗೆ 60 ಪೌಂಡ್ ಕ್ಯಾಶ್‌ಬ್ಯಾಕ್. 1,800 ಯೂನಿಟ್ ಕರೆಂಟಿಗೆ ವ್ಯತ್ಯಾಸ 27 ಪೌಂಡ್, 7,500 ಯೂನಿಟ್ ಗ್ಯಾಸಿಗೆ 22.50. ಎರಡನೆಯದು ವರ್ಷಕ್ಕೆ 49.50 ಪೌಂಡ್ ದುಬಾರಿ. ಕ್ಯಾಶ್‌ಬ್ಯಾಕ್ ಬಂದರೆ ನಿಮಗೆ ಲಾಭ 10.50, ಬಾರದಿದ್ದರೆ ನಷ್ಟ 49.50. ಇಂಥ ಹತ್ತು ಕ್ಲೇಮಿನಲ್ಲಿ ಎಂಟಕ್ಕಿಂತ ಹೆಚ್ಚು ಪಾವತಿಯಾದರೆ ಮಾತ್ರ ಈ ಆಟ ಸಮಸಮ. ಟ್ಯಾರಿಫ್ ಎರಡು ವರ್ಷದ್ದಾಗಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ: ಕ್ಯಾಶ್‌ಬ್ಯಾಕ್ ಒಂದೇ ಸಲ, ಹೆಚ್ಚಿನ ದರ ಎರಡು ವರ್ಷ, ಒಟ್ಟು 99 ಪೌಂಡ್ ಹೆಚ್ಚು ಕಟ್ಟಿ 60 ಹಿಂದಕ್ಕೆ ಪಡೆಯುತ್ತೀರಿ, ಅದೂ ಬಂದರೆ. ಸ್ಟ್ಯಾಂಡಿಂಗ್ ಚಾರ್ಜ್ ಬೇರೆಬೇರೆಯಾಗಿದ್ದರೆ ನೆನಪಿರಲಿ, ದಿನಕ್ಕೆ 5 ಪೆನ್ಸ್ ವ್ಯತ್ಯಾಸ ಎಂದರೆ ಒಂದು ಇಂಧನಕ್ಕೆ ವರ್ಷಕ್ಕೆ 18.25 ಪೌಂಡ್. ಹೀಗಾಗಿ ಕ್ಯಾಶ್‌ಬ್ಯಾಕ್ ಸೊನ್ನೆ ಎಂದುಕೊಂಡೇ ಟ್ಯಾರಿಫ್ ಆರಿಸಿ. ಆರಿಸಿದ ಟ್ಯಾರಿಫ್‌ಗೆ ಯಾರಾದರೂ ಕ್ಯಾಶ್‌ಬ್ಯಾಕ್ ಕೊಡುತ್ತಾರೆಯೇ ಎಂದು ಆಮೇಲೆ ನೋಡಿ.

ಸೈಟಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಫಿಲ್ಟರ್ ಇರುತ್ತದೆ, ನಮ್ಮ ಮೂಲಕ ಬದಲಾಯಿಸಬಹುದಾದ ಟ್ಯಾರಿಫ್ ಮಾತ್ರವೋ, ಎಲ್ಲವೋ ಎಂದು. ‘ಎಲ್ಲ’ ಒತ್ತಿ. ಕಮಿಷನ್ ಕೊಡದ ಕಂಪನಿಯ ಅಗ್ಗದ ದರ ಅಲ್ಲಿ ಅಡಗಿರಬಹುದು, ಅದಕ್ಕೆ ನೇರವಾಗಿ ಸಪ್ಲೈಯರ್ ಸೈಟಿನಲ್ಲೇ ಅರ್ಜಿ ಹಾಕಬೇಕು.

ಕ್ಯಾಶ್‌ಬ್ಯಾಕ್ ಲಿಂಕಿನಿಂದಲೇ ಹೋಗುವುದಾದರೆ ಶಿಸ್ತು ಬೇಕು. ಆ್ಯಡ್ ಬ್ಲಾಕರ್, ವಿಪಿಎನ್ ಆಫ್ ಮಾಡಿ, ಕುಕೀ ಕೇಳಿದಾಗ ಎಲ್ಲದಕ್ಕೂ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಕ್ಲಿಕ್ ಲೆಕ್ಕಕ್ಕೇ ಸಿಗುವುದಿಲ್ಲ. ಫೋನಿನಲ್ಲಿ ಲಿಂಕ್ ಒತ್ತಿದಾಗ ಸೈಟಿನ ಆ್ಯಪ್ ತೆರೆದುಕೊಂಡರೆ ಟ್ರ್ಯಾಕಿಂಗ್ ತಪ್ಪಬಹುದು, ಕಂಪ್ಯೂಟರ್ ಬ್ರೌಸರಿನಲ್ಲಿ ಮಾಡುವುದು ವಾಸಿ. ಮೀಟರ್ ಸಂಖ್ಯೆ, ಬಳಕೆ, ಬ್ಯಾಂಕ್ ವಿವರ ಎಲ್ಲ ಪಕ್ಕದಲ್ಲಿಟ್ಟುಕೊಂಡು ಒಂದೇ ಸಲಕ್ಕೆ ಕೂತು ಮುಗಿಸಿ, ನಡುವೆ ಬೇರೆ ಸೈಟಿಗೆ ಹೋಗಬೇಡಿ. ಒತ್ತುವ ಮೊದಲು ಷರತ್ತಿನ ಪುಟದ ಸ್ಕ್ರೀನ್‌ಶಾಟ್, ದಿನಾಂಕ ಕಾಣುವಂತೆ. ಷರತ್ತಿನಲ್ಲಿ ಹುಡುಕಬೇಕಾದ್ದು ‘ವರೆಗೆ’ಯ ಒಳಗಿನ ಮೊತ್ತಗಳು, ಹೊಸ ಗ್ರಾಹಕರು ಎಂದರೆ ಯಾರು, ಎಷ್ಟು ದಿನ ಗ್ರಾಹಕರಾಗಿ ಉಳಿಯಬೇಕು, ಹಣ ಯಾವಾಗ, ಕ್ಲೇಮಿಗೆ ಕೊನೆ ದಿನ ಯಾವುದು. ಸ್ವಿಚ್ ನಡುವೆ ಏನಾದರೂ ಕೆಟ್ಟರೆ ನೀವೇ ಹೊಸ ಅರ್ಜಿ ಹಾಕುವ ಮೊದಲು ಕಂಪ್ಯಾರಿಸನ್ ಸೈಟಿಗೆ ಬರೆದು, ಅದೇ ಅರ್ಜಿಯನ್ನು ಸರಿಪಡಿಸಬಹುದೇ ಎಂದು ಕೇಳಿ. ನಿಮ್ಮ ಪ್ರಕರಣ ಕೈತಪ್ಪಿದ್ದು ಈ ಹೆಜ್ಜೆಯಲ್ಲಿ.

ತೆರಿಗೆ, ವೀಸಾ ಬಗ್ಗೆ ಆಗಾಗ ಕೇಳುತ್ತಾರೆ. ಸಾಮಾನ್ಯ ಗ್ರಾಹಕರಿಗೆ ಕೊಂಡದ್ದರ ಮೇಲೆ ಬರುವ ಇಂಥ ಕ್ಯಾಶ್‌ಬ್ಯಾಕಿಗೆ ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಇಲ್ಲ. ಖಾಸಗಿ ಕಂಪನಿಯ ರಿಯಾಯಿತಿಯಾದ್ದರಿಂದ ವೀಸಾದ ಮೇಲಿನ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವಿನ ಹಣ ಪಡೆಯುವಂತಿಲ್ಲ) ಎಂಬ ಷರತ್ತಿಗೂ ಸಂಬಂಧವಿಲ್ಲ.

ಕೊನೆಯದಾಗಿ ಈಗಿನ ಸಪ್ಲೈಯರ್ ಬಿಡುವ ಮಾತು. ಟ್ಯಾರಿಫ್ ಫಿಕ್ಸೆಡ್, ಅಂದರೆ ನಿಗದಿತ ಅವಧಿಗೆ ದರ ಬದಲಾಗದ್ದು, ಆಗಿದ್ದರೆ ಒಪ್ಪಂದದಲ್ಲಿ ‘ಎಕ್ಸಿಟ್ ಫೀ’ ನೋಡಿ. ಅದನ್ನು ಪ್ರತಿ ಇಂಧನಕ್ಕೆ ಬೇರೆಬೇರೆಯಾಗಿ ಹಾಕುತ್ತಾರೆ. ಒಂದಕ್ಕೆ 50 ಎಂದಿದ್ದರೆ ಎರಡಕ್ಕೆ 100 ಪೌಂಡ್. ಒಪ್ಪಂದ ಮುಗಿಯುವ ಕೊನೆಯ 49 ದಿನಗಳಲ್ಲಿ ಬಿಟ್ಟರೆ ಆ ಶುಲ್ಕ ಹಾಕುವಂತಿಲ್ಲ. ಮುಗಿಯುವ ದಿನಾಂಕದಿಂದ 49 ದಿನ ಹಿಂದಕ್ಕೆ ಎಣಿಸಿ ಫೋನಿನಲ್ಲಿ ಗುರುತು ಹಾಕಿಡಿ. ಕರೆಂಟ್, ಗ್ಯಾಸ್ ಬೇರೆಬೇರೆ ದಿನ ಬದಲಾದ್ದರಿಂದ ನಿಮ್ಮ ಎರಡು ಒಪ್ಪಂದಗಳು ಮುಗಿಯುವ ದಿನವೂ ಬೇರೆಬೇರೆ ಇರಬಹುದು, ಎರಡನ್ನೂ ಗುರುತು ಹಾಕಿಕೊಳ್ಳಿ.